ನೀರು ಹಾಕಬಾರದ ವಾರ

ಮಾರ್ಚ್ 3, ಬೆಳಿಗ್ಗೆ 6
ಮಹಡಿಯ ಮೇಲೆ ನಲವತ್ತೆರಡು ಕುಂಡ ಮೆಣಸಿನ ಗಿಡ. ನೀರು ಬೇಕಾದವಕ್ಕಷ್ಟೇ ಹಾಕಿ ಕೆಳಗಿಳಿದೆ. ಒಂಬತ್ತಕ್ಕೆ ಅಣ್ಣನ ಹೋಟೆಲ್ ಬಾಗಿಲು ತೆಗೆಯುತ್ತದೆ, ಅಷ್ಟರಲ್ಲಿ ಸಾಸ್ ಆಗಬೇಕು. ಮೆಣಸಿನಕಾಯಿ ಹುರಿಯುವಾಗ ಎಲ್ಲರೂ ಕೆಮ್ಮುತ್ತಾ ಹೊರಗೋಡುತ್ತಾರೆ. ನಾನೊಬ್ಬಳೇ ಒಳಗೆ. ಬೆರಳೆಲ್ಲ ಉರಿ, ಕಣ್ಣುಜ್ಜಿಕೊಳ್ಳಲೂ ಹೆದರಿಕೆ. ಈ ಒಲೆ ಮುಂದೆ ನಿಂತು ಹನ್ನೊಂದು ವರ್ಷವಾಯಿತು.

ಮಾರ್ಚ್ 5
ನಾನು ಸಸಿ ತರುವ ನರ್ಸರಿಯ ಮೇಡಂ ಫೋನ್ ಮಾಡಿದ್ದರು. ಸಸಿ ನೋಡಿಕೊಳ್ಳುವ ಕೆಲಸ, ಇರಲು ರೂಮು. ಏಪ್ರಿಲ್ ಒಂದಕ್ಕೆ ಬರಬೇಕಂತೆ. ಅಣ್ಣನಿಗೆ ಹೇಳಿದೆ. ಮುಖ ಊದಿಸಿಕೊಂಡ.

"ಹೋಗೋದಾದ್ರೆ ಹೋಗು. ಮೊದಲು ನಿನ್ನ ಅತ್ತಿಗೆ ಕೈಲಿ ಇದೇ ಖಾರ ಬರಲಿ. ಗಿರಾಕಿಗಳು ಬರೋದೇ ಇದಕ್ಕೆ."

ಅತ್ತಿಗೆ ತಟ್ಟೆ ತೊಳೆಯುತ್ತಿದ್ದರು. ತಿರುಗಿ ನೋಡಲಿಲ್ಲ. ನನಗೋ ಖುಷಿ... ಖಾರ ತಾನೆ, ಕಲಿಸಿದರಾಯಿತು!

ಮಾರ್ಚ್ 8
ಅತ್ತಿಗೆಗೆ ಪಾಠ. ಕಾಯಿ ಕೆಂಪಾಗತೊಡಗಿದ ಮೇಲೆ, ಕೊಯ್ಯುವ ಮುಂಚೆ ಒಂದು ವಾರ ನೀರು ನಿಲ್ಲಿಸಬೇಕು. ಗಿಡ ಬಾಡಬೇಕು, ಆಗಲೇ ಖಾರ ಏರುವುದು. ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

"ಪಾಪ, ಬಾಯಾರಿಕೆ ಆಗಲ್ವೇನೇ ಅದಕ್ಕೆ?"

"ಆಗಬೇಕು ಅತ್ತಿಗೆ. ನೀವು ಕನಿಕರ ತೋರಿಸಿದ್ರೋ, ಕೆಟ್ಟಿತು."

ಹತ್ತು ಕುಂಡ ಅವರಿಗೇ ಬಿಟ್ಟುಕೊಟ್ಟೆ.

ಮಾರ್ಚ್ 16
ಅತ್ತಿಗೆಯ ಮೊದಲ ಸಾಸ್. ಪರೀಕ್ಷೆ ಮಾಡುವವರು ನಮ್ಮ ಖಾಯಂ ಗಿರಾಕಿ, ಬೋಳುತಲೆ ಲಾರಿ ಡ್ರೈವರ್. ಅವರ ತಲೆ ಬೆವರಿದರೆ ಪಾಸ್. ಮೂರು ಚಮಚ ಸುರಿದುಕೊಂಡರು. ತಲೆ ಒಣಗಿಯೇ ಇತ್ತು.

"ಏನಮ್ಮಾ ಇದು, ಜಾಮಾ?"

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕು, "ನನ್ನ ಕೈಗುಣ ಇಷ್ಟೇ ಬಿಡಿ" ಅಂದರು. ಎಲ್ಲಿ ತಪ್ಪಿತು? ಹುರಿದದ್ದು ಸರಿ, ರುಬ್ಬಿದ್ದು ಸರಿ — ಪಕ್ಕದಲ್ಲೇ ನಿಂತಿದ್ದೆನಲ್ಲ!

ಮಾರ್ಚ್ 25
ಮತ್ತೆ ಸಪ್ಪೆ. ಅಣ್ಣ ಸಿಳ್ಳೆ ಹಾಕಿಕೊಂಡು ಓಡಾಡಿದ. ಇನ್ನೊಂದೇ ಕೊಯ್ಲು ಬಾಕಿ. ಊಟ ಸೇರುತ್ತಿಲ್ಲ.

ಮಾರ್ಚ್ 28, ಮಧ್ಯಾಹ್ನ 3
ಒಣಗಿದ ಬಟ್ಟೆ ತರಲು ಮಹಡಿಗೆ ಹೋದೆ. ಅಲ್ಲಿ ಅತ್ತಿಗೆ. ಕೈಯಲ್ಲಿ ಚೊಂಬು. ಹತ್ತೂ ಕುಂಡ ಒದ್ದೆ.

ಬಾಯಿಗೆ ಬಂದದ್ದೆಲ್ಲ ಅಂದೆ. ಅತ್ತಿಗೆ ಚೊಂಬು ಕೆಳಗಿಟ್ಟರು. ಆಮೇಲೆ —

"ನೀನು ಹೋದ್ರೆ ಆ ಒಲೆ ಮುಂದೆ ನಿಲ್ಲೋದು ಯಾರು ಹೇಳು? ಆ ಘಾಟಿಗೆ ನಂಗೆ ಉಸಿರೇ ಕಟ್ಟುತ್ತೆ ಕಣೇ. ಹೇಳಿದ್ರೆ ನಿನ್ನ ಅಣ್ಣ ಕೇಳ್ತಾರಾ?"

ಕೇಳುವುದಿಲ್ಲ. ನನಗಿಂತ ಚೆನ್ನಾಗಿ ಇದು ಯಾರಿಗೆ ಗೊತ್ತು? ಬಟ್ಟೆ ಎತ್ತಿಕೊಂಡು ಇಳಿದುಬಂದೆ.

ಮಾರ್ಚ್ 31, ಸಂಜೆ 5
ಮಧ್ಯಾಹ್ನ ಅತ್ತಿಗೆಯ ಮೂರನೆಯ ಸಾಸೂ ಸಪ್ಪೆ. ಅಣ್ಣ ಇಬ್ಬರನ್ನೂ ಅಡುಗೆಮನೆಗೆ ಕರೆದ.

"ನೀನೇ ಹೇಳು. ಇವಳಿಗೆ ಬರುತ್ತೋ ಇಲ್ವೋ?"

ನಿಜ ಹೇಳಿದರೆ ನಾಳೆ ನಾನು ಆಚೆ, ಅತ್ತಿಗೆ ಒಳಗೆ. ಅವರು ಒಣಗಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. ಹೇಳಿಬಿಡಬೇಕೆಂದೇ ಬಾಯಿ ತೆರೆದೆ.

"ಬರಲ್ಲ ಅಣ್ಣ."

ಬೆನ್ನು ತಟ್ಟಿ ಹೋದ. ಅತ್ತಿಗೆ ನನ್ನ ಮುಖ ನೋಡಲಿಲ್ಲ. ನಾಳೆಯ ಮೆಣಸಿನಕಾಯಿಯ ತೊಟ್ಟು ಬಿಡಿಸಲು ಕೂತರು. ಅಳು ಬರುತ್ತಿದೆ, ಕೋಪವೂ. ಯಾರ ಮೇಲೆ ಅಂತ ಗೊತ್ತಾಗುತ್ತಿಲ್ಲ.

ಫೋನ್ ಹೊಡೆದುಕೊಳ್ಳುತ್ತಿದೆ. ನರ್ಸರಿಯ ಮೇಡಂ. ನಾಳೆ ಎಷ್ಟು ಗಂಟೆಗೆ ಬರ್ತೀರಿ ಅಂತ ಕೇಳುತ್ತಾರೆ. ಎತ್ತಿ ಹೇಳಬೇಕು, ನಾನು ಬರಲ್ಲ ಅಂತ.