ಕೊಟ್ಟು ತರುವ ಮಾತು

12-11-1963, ಬೆಳಿಗ್ಗೆ

…‘ನಿನ್ನ ಬಿಟ್ಟು ನಾ ಎಲ್ಲಿಗೆ ಹೋಗ್ಲೆ’ ಎಂದಳು, ಅಷ್ಟು ನೆನಪಿದೆ. ಮುಂದೆ ಏನೋ ಸೇರಿಸಿದಳು. ಸದ್ಯಕ್ಕೆ ಎಂದೋ, ಪರೀಕ್ಷೆ ಮುಗಿಯೋವರೆಗೆ ಎಂದೋ. ನಿನ್ನೆ ಬಾವಿಕಟ್ಟೆಯಲ್ಲಿ ಹಲ್ಲುಜ್ಜುತ್ತ ಹೇಳಿದ್ದು. ಮೊದಲ ಅರ್ಧವನ್ನು ಹಿಡಿದುಕೊಂಡು ನಾನು ಉಳಿದದ್ದನ್ನು ಬಿಟ್ಟೆ.

ಇವತ್ತೂ ಅದೇ. ನೀರು ಸೇದಿದ್ದು ನಾನು, ಕೊಡ ಹೊತ್ತದ್ದು ಅವಳು. ಜಡೆ ಹಾಕಿದ್ದು ನಾನು. ಒರಟು ಕೂದಲು, ಎಷ್ಟು ಎಣ್ಣೆ ಹಾಕಿದರೂ ಹೀರುತ್ತದೆ. ‘ಬಿಗಿ ಹಾಕೆ. ಲೆಕ್ಕದ ಮೇಷ್ಟ್ರು ಪ್ರಶ್ನೆ ಕೇಳಿದಾಗ ತಲೆ ಬಿಚ್ಚಿ ಹೋಗಬಾರ್ದು’ ಎಂದಳು ಮಾಸ್ತಿ.

ಮಾಸ್ತಿಯ ಊರು ಶರಾವತಿಯ ಆಚೆ, ಸಿಗಂದೂರಿನ ಕಡೆ. ಅಲ್ಲಿ ಹೈಸ್ಕೂಲಿಲ್ಲ. ಅವಳ ಅಪ್ಪ ಸುಬ್ಬಪ್ಪ ನಮ್ಮಪ್ಪನ ಹಳೆಯ ಸ್ನೇಹಿತ. ಹಾಗಾಗಿ ಸಾಗರದಲ್ಲಿ ನಮ್ಮ ಮನೆಯಲ್ಲಿದ್ದು ಓದುತ್ತಾಳೆ. ಒಂದೇ ಬೆಂಚು, ಪಕ್ಕಪಕ್ಕ ಚಾಪೆ. ಇಬ್ಬರಿಗೂ ಹದಿನೆಂಟು. ಈ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿಯಬೇಕಿತ್ತು. ಆಚೆ ವರ್ಷ ಅವಳು ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕಕ್ಕೆ ಹೊಡೆತ ತಿನ್ನುತ್ತಾಳೆಂದು ಮೊದಲೇ ಗೊತ್ತಿತ್ತು. ನಾನು ಉತ್ತರಗಳನ್ನು ಬರೆದು, ಆಮೇಲೆ ಹೊಡೆದುಹಾಕಿದೆ. ಇಬ್ಬರೂ ಫೇಲು. ಅಪ್ಪ ಮೂರು ದಿನ ಮಾತಾಡಲಿಲ್ಲ.

1-12-1963, ಭಾನುವಾರ

ನನ್ನ ಒಡಹುಟ್ಟಿದ ಗಿರಿಯಣ್ಣ ಲಿಂಗನಮಕ್ಕಿಯಿಂದ ಬಂದ. ಕಂಟ್ರಾಕ್ಟರನ ಲಾರಿ ಓಡಿಸುತ್ತಾನೆ, ಅಣೆಕಟ್ಟಿಗೆ ಕಲ್ಲು ಹೊರುವ ಲಾರಿ. ಊಟದ ನಡುವೆ ತಲೆ ಎತ್ತದೆ ಹೇಳಿದ. ಮಾಸ್ತಿಯ ಊರಿನ ಬಾಗಿಲುಗಳ ಮೇಲೆಲ್ಲ ಕೆಂಪು ಬಣ್ಣದಲ್ಲಿ ನಂಬರ್ ಬರೆದು ಹೋಗಿದ್ದಾರೆ. ಪೂರಾ ಮುಳುಗಡೆ. ಅವರಿಗೆ ಜಾಗ ಸಿಕ್ಕಿದ್ದು ತೀರ್ಥಹಳ್ಳಿಯ ಆಚೆ, ಕಾಡು ಕಡಿದ ನೆಲ.

‘ಅಲ್ಲಿ ಸಿನಿಮಾ ಟೆಂಟ್ ಐತಾ?’ ಎಂದಳು ಮಾಸ್ತಿ.

‘ಹುಲಿ ಐತೆ’ ಎಂದ ಅಣ್ಣ.

‘ಹುಲಿ ಟಿಕೆಟ್ ಕೇಳಲ್ಲ, ಒಳ್ಳೇದಾತು.’

ಅಣ್ಣ ನಕ್ಕ. ಅವನು ನಗುವುದು ಕಡಿಮೆ. ಪರೀಕ್ಷೆ ಆದೊಡನೆ ಮಾಸ್ತಿಯನ್ನು ಕರೆದುಕೊಂಡು ಹೋಗುತ್ತಾರೆ. ಇಲ್ಲಿಂದ ತೀರ್ಥಹಳ್ಳಿಗೆ ಹೊಸನಗರದ ಮೇಲೆ ಒಂದು ಇಡೀ ದಿನದ ದಾರಿ. ತಟ್ಟೆಯ ಅನ್ನವನ್ನು ಪಕ್ಕಕ್ಕೆ ಸರಿಸಿದೆ. ಮಜ್ಜಿಗೆ ಕುಡಿದೆ.

3-12-1963

ಊಟದ ಬಿಡುವಿನಲ್ಲಿ ಹುಡುಗಿಯರ ಆಟ — ಯಾರಿಗೆ ಯಾರು ಇಷ್ಟ. ಮನೋರಮಾ ಪೋಸ್ಟ್ ಮಾಸ್ತರರ ಮಗನ ಹೆಸರು ಹೇಳಿ ಮುಖ ಮುಚ್ಚಿಕೊಂಡಳು. ಮಾಸ್ತಿ ಯೋಚಿಸಿ, ‘ಸರ್ಕಸ್ಸಲ್ಲಿ ತಂತಿ ಮೇಲೆ ಸೈಕಲ್ ಬಿಡ್ತಿದ್ನಲ್ಲ, ಅವ್ನು’ ಎಂದಳು. ನನ್ನ ಸರದಿ. ಯಾರೂ ಇಲ್ಲ ಎಂದೆ.

‘ಇವಳು ಕಲ್ಲು ಕಣ್ರೆ.’ ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ಹೇಳಿದಳು ಮಾಸ್ತಿ.

ಮನೋರಮಾ ಆ ಹುಡುಗನ ಬಗ್ಗೆ ಹೇಳುವುದೆಲ್ಲ — ದಾರಿ ಕಾಯುವುದು, ಎದುರು ಬಂದಾಗ ಬಾಯಿ ಒಣಗುವುದು, ಬೇರೆ ಯಾರೊಡನೆಯೋ ನಕ್ಕರೆ ಅದನ್ನೇ ಮತ್ತೆ ಮತ್ತೆ ನೆನೆಯುವುದು — ನನಗೆ ಈ ಕೈಯ ಒಡತಿಯ ವಿಷಯದಲ್ಲಿ ಆಗುತ್ತದೆ. ಒಂದು ವರ್ಷದಿಂದ ಗೊತ್ತು. ಇಂಥದು ಇನ್ನಾರಿಗಾದರೂ ಆಗುತ್ತದೆಯೋ ಗೊತ್ತಿಲ್ಲ. ಕೇಳುವುದು ಯಾರನ್ನು. ಇಲ್ಲಿ ಬರೆದದ್ದೇ ಮೊದಲು. ಬರೆದ ಮೇಲೆ ಹಗುರವಾಗಲೂ ಇಲ್ಲ.

15-12-1963

ಅಣ್ಣನಿಗೆ ಹೆಣ್ಣು ಹುಡುಕುತ್ತಿದ್ದಾರೆ. ಹೆಗ್ಗೋಡಿನ ಕಡೆಯದೊಂದು ನೋಡಿ ಬಂದರು, ಅವ್ವನಿಗೆ ಹಿಡಿಸಲಿಲ್ಲ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ಹತ್ತಿರ ಕೂತೆ.

‘ಅಣ್ಣಂಗೆ ಊರೆಲ್ಲ ಎಂತಕ್ಕೆ ಹುಡುಕ್ತೀರಿ. ಮನೇಲೇ ಐತಲ್ಲ.’

ಅವ್ವನ ಕೈ ನಿಂತಿತು. ‘ಯಾರು, ಮಾಸ್ತಿನಾ?’

‘ಹ್ಞೂ.’

‘ನಿಂಗಿದು ಹೇಳಿಕೊಟ್ಟಿದ್ದು ಯಾರೆ? ಅವಳೇನಾ?’

‘ಅವಳಿಗೆ ಗೊತ್ತೇ ಇಲ್ಲ.’

ರೊಟ್ಟಿ ಸೀದಿತು. ಅವ್ವ ಬೈಯಲಿಲ್ಲ. ‘ನಿಂಗೂ ಬುದ್ಧಿ ಬಂತು ಅನ್ನು’ ಎಂದಳು.

ಯೋಚಿಸಿಯೇ ಹೇಳಿದ್ದು. ಅವಳು ತೀರ್ಥಹಳ್ಳಿಗೆ ಹೋಗುವುದಿಲ್ಲ. ಇದೇ ಬಾವಿ, ಇದೇ ಒಲೆ. ನಾನು ಟೀಚರ್ ಟ್ರೈನಿಂಗ್ ಮುಗಿಸಿ ಇಲ್ಲೇ ಎಲ್ಲಾದರೂ ಕೆಲಸ ಹಿಡಿಯುತ್ತೇನೆ, ಮದುವೆ ಬೇಡ ಎನ್ನುತ್ತೇನೆ. ಅತ್ತಿಗೆ ಎಂದು ಕರೆದರಾಯಿತು. ಅವಳು ಅಣ್ಣನ ಹೆಂಡತಿಯಾಗಿರುವುದನ್ನು ದಿನವೂ ನೋಡಬೇಕಾಗುತ್ತದೆ. ನೋಡಿದರಾಯಿತು. ಕಾಣದೇ ಇರುವುದಕ್ಕಿಂತ…

9-1-1964, ಸಂಜೆ

ಸುಬ್ಬಪ್ಪ ಮಾವ ಬಂದಿದ್ದರು, ದೋಣಿಯಲ್ಲಿ ಹೊಳೆ ದಾಟಿ ಬಸ್ಸು ಹಿಡಿದು. ಅಪ್ಪನ ಎದುರು ಕೂತು ಎಲೆಯಡಿಕೆ ತಟ್ಟೆಯನ್ನು ಬಹಳ ಹೊತ್ತು ಮುಟ್ಟಲಿಲ್ಲ.

‘ಹುಡುಗ ಒಪ್ಪಿಗೆ ಹೂವಪ್ಪ. ಕುಡಿಯಲ್ಲ, ದುಡೀತಾನೆ. ಇನ್ನೆಂತ ಬೇಕು.’

‘ಮತ್ತೆ ಎಂತದು ತಡ?’

‘ತಡ ಐತೆ. ಮಗಳನ್ನ ಕೊಟ್ಟು ಬರಿಗೈಲಿ ಆ ಕಾಡಿಗೆ ಹೋದ್ರೆ ನನ್ನ ಮಗ ಮಾರಪ್ಪಂಗೆ ಹೆಣ್ಣು ಕೊಡೋರು ಯಾರು? ಗುರುತಿಲ್ಲ, ಪರಿಚಯ ಇಲ್ಲ. ಮುಳುಗಡೆಯೋರು ಅಂದ್ರೆ ಬೇಡೋರು ಅನ್ನೋ ಹಂಗೆ ನೋಡ್ತಾರೆ. ನಮ್ಮಲ್ಲಿ ಕೊಟ್ಟು ತರೋದು ಹೊಸದಲ್ಲ. ನಮ್ಮ ಹುಡುಗಿ ನಿಮ್ಮನೇಗೆ ಬರ್ಲಿ. ನಿಮ್ಮ ಹುಡುಗಿ ನಮ್ಮನೇಗೆ. ಒಂದು ಬ್ಯಾಡ ಅಂದ್ರೆ ಎರಡೂ ಬ್ಯಾಡ.’

ನಾನು ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ನನ್ನನ್ನು ನೋಡಿ ಸುಬ್ಬಪ್ಪ ಮಾವ ಲೋಟಕ್ಕೆ ಕೈ ಚಾಚಿದರು. ‘ಬಾ ಕೆರಿ. ನಿನ್ನ ಮಾತೇ ಆಡ್ತಿದ್ವಿ.’

ಈ ಪದ್ಧತಿ ನನಗೆ ಗೊತ್ತಿರಲಿಲ್ಲ ಎನ್ನಲಾರೆ. ಚಿಕ್ಕಮ್ಮನ ಮದುವೆ ಆದದ್ದೇ ಹಾಗೆ. ಯೋಚನೆ ಮಾಡುವಾಗ ನನ್ನನ್ನು ಬಿಟ್ಟು ಉಳಿದವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡಿದ್ದೆ.

10-1-1964

ಮಾಸ್ತಿಗೆ ಹೇಳಿದ್ದಾರೆ. ಶಾಲೆಯ ದಾರಿಯುದ್ದಕ್ಕೂ ನಕ್ಕಳು.

‘ನಾನು ನಿಮ್ಮನೇಗೆ, ನೀನು ನಮ್ಮನೇಗೆ. ನಿಮ್ಮಣ್ಣ ನನ್ನ ಬೈದ್ರೆ ಒಂದು ಕಾರ್ಡ್ ಹಾಕ್ತೀನಿ. ನಮ್ಮಣ್ಣ ಅಲ್ಲಿ ನಿನ್ನ ಬೈತಾನೆ. ಸರಿಗೆ ಸರಿ.’

‘ನಿಂಗೆ ಗಿರಿಯಣ್ಣ ಇಷ್ಟನಾ?’

ಚೀಲವನ್ನು ಒಂದು ಹೆಗಲಿಂದ ಇನ್ನೊಂದಕ್ಕೆ ಹಾಕಿಕೊಂಡಳು. ‘ಅವತ್ತು ಹುಲಿ ಅಂದ್ರಲ್ಲ, ಆಗಿಂದ.’

ಮನೋರಮಾಳ ಹಾಗೆ ಮುಖ ಮುಚ್ಚಿಕೊಳ್ಳಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

2-2-1964

ಅಪ್ಪ ಮರ ಕೊಯ್ಯುವ ಸಾಮಿಲ್ಲಿಗೆ ಬುತ್ತಿ ಕೊಡಲು ಹೋಗಿದ್ದೆ. ಹೊಟ್ಟಿನ ರಾಶಿಯ ಪಕ್ಕ ಕೂತು ತಿಂದರು. ಕೈ ತೊಳೆಯುತ್ತ ಕೇಳಿದರು.

‘ಕೆರಿ, ಮನಸ್ಸಿಲ್ಲ ಅಂದ್ರೆ ಹೇಳಿಬಿಡು. ಸುಬ್ಬಪ್ಪಂಗೆ ಬೇಜಾರಾಗ್ತದೆ. ಆಗ್ಲಿ.’

‘ಮಾಸ್ತಿಗೆ?’

‘ಅವಳಿಗೆ ಅತ್ಲಾಗೇ ಎಲ್ಲಾದ್ರೂ ನೋಡ್ತಾರೆ.’ ಬುತ್ತಿಯ ಡಬ್ಬಿ ಮುಚ್ಚುತ್ತ, ‘ಇದನ್ನ ಶುರು ಮಾಡಿದ್ದು ನೀನೇ ಅಂತಾಳೆ ನಿಮ್ಮವ್ವ. ಅದಕ್ಕೇ ಕೇಳ್ದೆ. ಮುಳುಗೋ ಮುಂಚೆ ಅವರ ಮನೆ ಬಿಚ್ಚೋಕೆ ಹೋಗ್ತೀವಲ್ಲ, ಅದಾದ ಮೇಲೆ ಹೇಳು ಸಾಕು.’

ಅಪ್ಪ ಇಷ್ಟು ಒಳ್ಳೆಯವರಲ್ಲದಿದ್ದರೆ ಸುಲಭವಾಗುತ್ತಿತ್ತು. ನನ್ನ ಮೇಲೆ ಯಾರ ಬಲವಂತವೂ ಇಲ್ಲ.

16-2-1964, ಭಾನುವಾರ

ಮಾಸ್ತಿಯ ಊರು. ಅರ್ಧ ಮನೆಗಳ ಮೇಲೆ ಮಾಡು ಉಳಿದಿಲ್ಲ. ಸುಬ್ಬಪ್ಪ ಮಾವನ ಮನೆಯ ಹೆಂಚು ಇಳಿಸಿದೆವು. ಮೇಲೆ ಮಾರಪ್ಪ, ಕೆಳಗೆ ನಾವು. ಮಾರಪ್ಪ ದಿನವಿಡೀ ನನ್ನೊಡನೆ ಆಡಿದ್ದು ಒಂದೇ ಮಾತು, ‘ಬಿಸ್ಲು ಐತೆ, ನೆಳ್ಳಿಗೆ ಹೋಗಿ.’ ಕೆಟ್ಟವರಲ್ಲ.

ಮಧ್ಯಾಹ್ನ ಅಡುಗೆಮನೆಯಾಗಿದ್ದ ಜಾಗದಲ್ಲಿ ನಾವಿಬ್ಬರೇ ಕೂತೆವು. ತಲೆಯ ಮೇಲೆ ಆಕಾಶ. ಒಲೆಯ ಹಿಂದಿನ ಗೋಡೆ ಮಾತ್ರ ಕಪ್ಪಾಗಿ ನಿಂತಿತ್ತು.

‘ನಾನು ಒಲ್ಲೆ ಅಂದ್ರೆ?’ ಎಂದೆ.

‘ತಮಾಷೆನಾ?’

‘ಅಲ್ಲ.’

‘ನಮ್ಮಣ್ಣ ಬ್ಯಾಡ್ವಾ? ಮಾತು ಕಮ್ಮಿ ಅಷ್ಟೇ ಮಾರಾಯ್ತಿ. ಕೈ ಎತ್ತೋನಲ್ಲ.’

‘ಅವರ ಮಾತಲ್ಲ. ನಂಗೆ ಯಾರೂ ಬ್ಯಾಡ. ನೀನು ಹೋಗಬಾರ್ದು ಅಂತಲೇ ಅವ್ವನ ಹತ್ರ ನಿನ್ನ ಹೆಸರು ಹೇಳಿದ್ದು ನಾನು.’

ನಕ್ಕಳು. ‘ಹುಚ್ಚಿ. ಹಬ್ಬಕ್ಕೆ ಬರ್ತೀಯಲ್ಲ.’

‘ಹಬ್ಬಕ್ಕಲ್ಲ, ದಿನಾ. ಮನೋರಮಂಗೆ ಆ ಹುಡುಗ ಬೇಕಲ್ಲ ಮಾಸ್ತಿ, ಹಂಗೆ ನಂಗೆ ನೀನು.’

‘ಹಂಗೆ ಅಂದ್ರೆ’ ಎಂದು ಶುರು ಮಾಡಿದವಳು ನಿಲ್ಲಿಸಿದಳು. ಹೊರಗೆ ಹೆಂಚು ಒಂದರ ಮೇಲೊಂದು ಕೂರುವ ಸದ್ದು. ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು. ಅದನ್ನು ಹಿಂದಕ್ಕೆ ಎಳೆದುಕೊಂಡಳು. ಸಿಟ್ಟಿನಿಂದಲ್ಲ, ನಿಧಾನವಾಗಿ, ನನಗೆ ನೋವಾಗಬಾರದೆಂಬಂತೆ.

‘ಇದನ್ನ ಯಾರ ಹತ್ರಾನೂ ಹೇಳ್ಬ್ಯಾಡ ಕೆರಿ’ ಎಂದಳು. ಆಮೇಲೆ, ‘ನನ್ನ ಹತ್ರಾನೂ.’

ಎದ್ದು ಲಂಗದ ಧೂಳು ಕೊಡವಿದಳು. ಬಾಗಿಲಿಲ್ಲದ ಬಾಗಿಲಲ್ಲಿ ನಿಂತು, ನನ್ನ ಕಡೆ ನೋಡದೆ, ‘ನಂಗೆ ನಿಮ್ಮಣ್ಣ ಬೇಕು ಕಣೆ. ಮುರೀಬ್ಯಾಡ.’

17-2-1964

ಬೆಳಿಗ್ಗೆ ಮಾಸ್ತಿ ತಾನೇ ಜಡೆ ಹಾಕಿಕೊಂಡಳು. ಸೊಟ್ಟಗಾಗಿತ್ತು. ಚಾಪೆಯನ್ನು ಅವ್ವನ ಕೋಣೆಗೆ ಒಯ್ದಿದ್ದಾಳೆ, ಅಲ್ಲಿ ಓದಲು ಬೆಳಕು ಚೆನ್ನಾಗಿದೆಯಂತೆ.

18-2-1964

ಒಪ್ಪಿಗೆ ಎಂದು ಅಪ್ಪನಿಗೆ ಹೇಳಿದೆ. ಗರಗಸದ ಸದ್ದಿಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಬೇಕಾಯಿತು.

ಬೇಡ ಎಂದರೆ ಅವಳು ಕಾಡಿಗೆ ಹೋಗುತ್ತಾಳೆ, ನನ್ನನ್ನು ಶಪಿಸುತ್ತ. ಹೂಂ ಎಂದರೆ ನಾನು ಹೋಗುತ್ತೇನೆ. ಹೇಗೂ ಒಂದೇ ಮನೆಯಲ್ಲಿ ಇರುವುದಿಲ್ಲ. ಅವಳು ಕೇಳಿದ್ದನ್ನು ಕೊಟ್ಟೆ ಎಂದುಕೊಂಡರೆ ದೊಡ್ಡ ಮಾತಾಗುತ್ತದೆ. ಆ ಚಾಪೆ ಇಲ್ಲದ ನೆಲವನ್ನು ದಿನಾ ಗುಡಿಸಲಾರೆ, ಅಷ್ಟೇ.

11-5-1964

ಮದುವೆ ನಿನ್ನೆ ಆಯಿತು. ಒಂದೇ ಚಪ್ಪರ, ಎರಡು ಹಸೆ. ಎರಡು ಜೊತೆಗೂ ಒಂದೇ ವಾಲಗ. ಫೋಟೋದವನು ಇಬ್ಬರು ಮದುವಣಗಿತ್ತಿಯರನ್ನು ಪಕ್ಕಪಕ್ಕ ನಿಲ್ಲಿಸಿ, ‘ಸ್ವಲ್ಪ ಹತ್ರ ಹತ್ರ ಬನ್ನಿ’ ಎಂದ. ಯಾರು ಸರಿದದ್ದು ಗೊತ್ತಾಗಲಿಲ್ಲ. ಫೋಟೋ ಬಂದರೆ ನೋಡಬೇಕು. ಅಥವಾ ನೋಡಬಾರದು.

14-5-1964, ತೀರ್ಥಹಳ್ಳಿಯ ಆಚೆ

ನಿನ್ನೆ ಗಿರಿಯಣ್ಣನ ಲಾರಿಯಲ್ಲಿ ಬಂದೆವು. ಮುಂದೆ ಅಣ್ಣ, ಮಾಸ್ತಿ, ಅತ್ತೆ. ಹಿಂದೆ ಬಿಚ್ಚಿದ ಮನೆಯ ತೊಲೆಗಳ ಮೇಲೆ ಮಾವ, ಮಾರಪ್ಪ, ನಾನು. ಹೊಸನಗರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಮಾಸ್ತಿ ಇಳಿಯಲಿಲ್ಲ. ತಲೆನೋವು ಎಂದಳಂತೆ. ಅಣ್ಣ ಲೋಟವನ್ನು ಕಿಟಕಿಗೆ ಒಯ್ದುಕೊಟ್ಟ. ಒಳಗಿನಿಂದ ಬಳೆಯ ಕೈಯೊಂದು ಬಂದು ತೆಗೆದುಕೊಂಡಿತು.

ಇಲ್ಲಿ ಕಡಿದ ಮರಗಳ ಬುಡಗಳು. ನಡುವೆ ಸೋಗೆ ಹೊದಿಸಿದ ಮಾಡು. ಅಣ್ಣ, ಮಾಸ್ತಿ ಇಂದು ಬೆಳಿಗ್ಗೆ ವಾಪಸು ಹೊರಟರು. ಮಾಸ್ತಿ ತನ್ನ ಅವ್ವನನ್ನು ತಬ್ಬಿ ಅತ್ತಳು. ಆಮೇಲೆ ನನ್ನ ಮುಂದೆ ನಿಂತಳು.

‘ಬರ್ತೀನಿ ಅತ್ತಿಗೆ.’

‘ಹೋಗಿ ಬನ್ನಿ ಅತ್ತಿಗೆ’ ಎಂದೆ. ಲೆಕ್ಕದ ಪ್ರಕಾರ ಇಬ್ಬರೂ ಇಬ್ಬರಿಗೂ ಅದೇ.

2-6-1964

ಎಸ್ಸೆಸ್ಸೆಲ್ಸಿ ರಿಸಲ್ಟ್. ಮಾವ ತೀರ್ಥಹಳ್ಳಿ ಪೇಟೆಯಲ್ಲಿ ಕೇಳಿಸಿಕೊಂಡು ಬಂದರು. ನಾನು ಪಾಸು, ಫಸ್ಟ್ ಕ್ಲಾಸು. ಮಾಸ್ತಿ ಲೆಕ್ಕದಲ್ಲಿ ಹೋಗಿದ್ದಾಳೆ. ‘ಇನ್ನೆಂತಕ್ಕೆ ಅದೆಲ್ಲ’ ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಇಬ್ಬರ ಬಗ್ಗೆಯೂ ಹೇಳಿದ್ದಿರಬೇಕು.

ಮಾರಪ್ಪ ಗುದ್ದಲಿ ಹಿಡಿದು ನಿಂತಿದ್ದರು. ‘ಒಳ್ಳೇದಾತು’ ಎಂದರು. ಇಲ್ಲಿಗೆ ಬಂದಂದಿನಿಂದ ಅವರು ಹೊರಗೆ ಅಟ್ಟಣೆಯ ಮೇಲೆ ಮಲಗುತ್ತಾರೆ, ಹಂದಿ ಕಾಯಲು ಎನ್ನುತ್ತಾರೆ. ಕಾಯುವಂಥ ಬೆಳೆ ಇನ್ನೂ ನೆಲದಲ್ಲಿಲ್ಲ. ಅವರಿಗೆ ಏನು ಗೊತ್ತಾಗಿದೆಯೋ, ತಿಳಿಯುವುದಿಲ್ಲ.

19-6-1964

ಅತ್ತೆ ಮೂಕಮ್ಮನಿಗೆ ಹೊಗೆಯಲ್ಲಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಊರು ಬಿಟ್ಟ ಮೇಲೆ ಮಾತೂ ಕಡಿಮೆ. ನನ್ನನ್ನು ‘ಮಾಸ್ತೀ’ ಎಂದು ಕೂಗುತ್ತಾರೆ. ಮೊದಲ ದಿನಗಳಲ್ಲಿ ನಾಲಿಗೆ ಕಚ್ಚಿಕೊಂಡು ‘ಕೆರಿ, ಕೆರಿ’ ಎಂದು ತಿದ್ದಿಕೊಳ್ಳುತ್ತಿದ್ದರು. ಈಗ ತಿದ್ದಿಕೊಳ್ಳುವುದಿಲ್ಲ.

ಇವತ್ತು ಹಿತ್ತಲಲ್ಲಿ ಕಟ್ಟಿಗೆ ಆರಿಸುತ್ತಿದ್ದೆ. ‘ಮಾಸ್ತೀ, ಎಲ್ಲಿದ್ದೀಯೆ’ ಎಂದರು. ‘ಇಲ್ಲಿದ್ದೀನಿ ಅವ್ವ’ ಎಂದೆ. ಮಾರಪ್ಪ ಕೆಲಸ ನಿಲ್ಲಿಸಿ ನನ್ನನ್ನು ನೋಡಿದರು, ಮತ್ತೆ ಬಗ್ಗಿದರು. ಒಳಗೆ ಹೋದೆ. ಅತ್ತೆ ನನ್ನ ತಲೆಯನ್ನು ಮಡಿಲಿಗೆ ಎಳೆದುಕೊಂಡು ಎಣ್ಣೆ ಹಚ್ಚತೊಡಗಿದರು. ‘ಎಷ್ಟು ಮೆತ್ತಗಾಗೈತೆ ನಿನ್ನ ಕೂದ್ಲು’ ಎಂದರು.

ಮಾಸ್ತಿ, ಅಲ್ಲಿ ನಮ್ಮವ್ವ ಕೆಲಸದ ನಡುವೆ ತಪ್ಪಿ ನನ್ನ ಹೆಸರು ಹಿಡಿದು ಕೂಗಿದರೆ, ನೀನು ಓಗೊಡುತ್ತೀಯಾ?