ಬಸಳೆ ಚಪ್ಪರಕ್ಕೆ ಹೋದ ಚಾಟಿ

ಠಾಕುರ್ಲಿ ಪೂರ್ವ
೧೬ ನವೆಂಬರ್ ೨೦೨೫, ಆದಿತ್ಯವಾರ

ಪ್ರೀತಿಯ ಮಗ ಸಮಿತ್‌ಗೆ ಅಮ್ಮನ ಆಶೀರ್ವಾದಗಳು.

ಹೇಗಿದ್ದೀಯ ಮಗಾ? ಕೆಮ್ಮು ಪೂರ್ತಿ ಹೋಯಿತಾ? ಕಳೆದ ವಾರ ನಿನ್ನ ರೂಮಿನ ಲತೇಶ್ ಡೊಂಬಿವಲಿ ಸ್ಟೇಷನ್ ಹೊರಗೆ ಸಿಕ್ಕಿದ್ದ. ನೀನು ಎರಡು ಹೊತ್ತೂ ಕೆಳಗಿನ ಗಾಡಿಯ ವಡಾಪಾವ್ ತಿನ್ನುತ್ತೀಯ ಎಂದು ಅವನ ಬಾಯಿಂದ ಜಾರಿತು. ಆಮೇಲೆ ಹೇಳಬಾರದಿತ್ತು ಎಂದು ಅನಿಸಿರಬೇಕು, ಟ್ರೇನ್ ಬಂತು ಆಂಟೀ ಎಂದು ಓಡಿದ. ಟ್ರೇನ್ ಏನೂ ಬಂದಿರಲಿಲ್ಲ. ಹೋಟೆಲಿನವರ ಮಗ ಖಾರ್‌ಘರ್‌ನಲ್ಲಿ ಕೂತು ಹೊಟ್ಟೆ ಕೆಡಿಸಿಕೊಳ್ಳುತ್ತಿದ್ದಾನೆ ಎಂದು ನಾಲ್ಕು ಜನ ಆಡಿಕೊಂಡರೆ ನಮಗೆ ಚಂದವಾ? ಮಲಗುವ ಮುಂಚೆ ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸು. ಇಲ್ಲಿ ನಾವೆಲ್ಲ ಸೌಖ್ಯ. ನನ್ನ ಮೊಣಕಾಲು ಸ್ಟೇಷನ್ ಸೇತುವೆ ಹತ್ತುವಾಗ ಮಾತ್ರ ತಾನಿದ್ದೇನೆ ಎಂದು ನೆನಪು ಮಾಡುತ್ತದೆ. ನಿನ್ನ ತಂಗಿ ಅನುಷ್ಕಾಗೆ ಪರೀಕ್ಷೆ, ಹಾಗಾಗಿ ಮನೆಯಲ್ಲಿ ಟಿವಿ ಬಂದ್.

ಫೋನ್ ಇರುವಾಗ ಈ ಅಮ್ಮನಿಗೆ ಪತ್ರದ ಹುಚ್ಚು ಯಾಕೆ ಎಂದು ಕೇಳುತ್ತೀಯ. ಫೋನ್ ಮಾಡಿದರೆ ನೀನು ‘ಹಾಂ ಮಮ್ಮಿ, ಠೀಕ್ ಹೂಂ ಮಮ್ಮಿ’ ಎನ್ನುತ್ತೀಯ, ಪಪ್ಪನ ಹೆಸರು ಬಂದ ಕೂಡಲೇ ಮೀಟಿಂಗ್ ಇದೆ ಎಂದು ಕಟ್ ಮಾಡುತ್ತೀಯ. ಆ ನಿನ್ನ ಆಫೀಸಿನಲ್ಲಿ ರಾತ್ರಿ ಊಟದ ಹೊತ್ತಿಗೂ ಮೀಟಿಂಗ್ ಇರುತ್ತದೆಂದು ನಾನು ನಂಬಬೇಕು. ಪತ್ರವನ್ನು ಕಟ್ ಮಾಡಲು ಆಗುವುದಿಲ್ಲ ನೋಡು. ನಿನಗೆ ಕನ್ನಡ ಓದಲು ಹೊತ್ತು ಹಿಡಿಯುತ್ತದೆ, ಒತ್ತಕ್ಷರ ಬಂದಲ್ಲೆಲ್ಲ ರಿಕ್ಷಾದ ಹಾಗೆ ನಿಂತು ಹೊರಡುತ್ತೀಯ, ನನಗೆ ಗೊತ್ತು. ಅಡುಗೆಮನೆಯ ಕಟ್ಟೆಯ ಮೇಲೆ ನಿನ್ನನ್ನು ಕೂರಿಸಿ ಅಕ್ಷರ ಕಲಿಸಿದವಳು ನಾನೇ ಅಲ್ಲವಾ. ಅವಸರ ಏನೂ ಇಲ್ಲ, ನಿಧಾನ ಓದು.

ನಿನ್ನ ಪಪ್ಪನ ಪರವಾಗಿ ವಕೀಲಿ ಮಾಡಲು ಬರೆಯುತ್ತಿಲ್ಲ. ಆದದ್ದು ತಪ್ಪೇ. ಚೌತಿಗೆ ಮುಂಚೆ ಶಿರ್ವದ ನಿನ್ನ ಜಲಜಾಕ್ಷಿ ಅತ್ತೆಗೆ ರಟ್ಟಿನ ಪೆಟ್ಟಿಗೆ ಕಳಿಸುವುದಿತ್ತು. ಸ್ಟೀಲಿನ ದೊಡ್ಡ ಪಾತ್ರೆ, ಬಾಗಿಲ ಪರದೆ, ಸೀರೆ, ಹೋಟೆಲಿನಲ್ಲಿ ಮಾಡಿಸಿದ ಲಾಡು. ಉಡುಪಿ ಬಸ್ಸಿನವನು ಸಂಜೆ ಬರುವವನು ಮಧ್ಯಾಹ್ನವೇ ಫೋನ್ ಮಾಡಿದ. ನಾನು ದೇವರ ಸಾಮಾನು ತರಲು ಹೋಗಿದ್ದೆ. ಪಪ್ಪನಿಗೆ ಅಂದು ರಜೆ, ಮನೆಯಲ್ಲಿದ್ದ ಸೆಣಬಿನ ಸುತಳಿ ಅವರು ಎಳೆದ ಕೂಡಲೇ ತುಂಡಾಯಿತಂತೆ. ಆಚೀಚೆ ನೋಡಿದಾಗ ನಿನ್ನ ಬಾಗಿಲ ಹಿಂದೆ ಮೊಳೆಗೆ ನೇತು ಹಾಕಿದ್ದು ಕಂಡಿದೆ. ಕಪ್ಪು ಕೆಂಪು, ಗಟ್ಟಿ, ಉದ್ದ. ಹಿಡಿಕೆಯನ್ನು ಕತ್ತರಿಸಿ ತೆಗೆದರು, ಉಳಿದದ್ದರಲ್ಲಿ ಪೆಟ್ಟಿಗೆಗೆ ಉದ್ದಕ್ಕೆ ಅಡ್ಡಕ್ಕೆ ಬಿಗಿದರು. ಮುಂಬಯಿಗೆ ಬಂದ ಹೊಸತರಲ್ಲಿ ನಿನ್ನ ಪಪ್ಪ ನಿಂತದ್ದು ಹೋಟೆಲಿನ ಪಾರ್ಸೆಲ್ ಕೌಂಟರಿನಲ್ಲಿ. ಮೇಲಿಂದ ಇಳಿಬಿಟ್ಟ ನೂಲುಂಡೆಯ ದಾರ ಎಳೆದು ಇಡ್ಲಿ ಪೊಟ್ಟಣಕ್ಕೆ ಸುತ್ತಿ ಪಟ್ಟನೆ ಹರಿಯುವುದರಲ್ಲಿ ಅವರಷ್ಟು ಚುರುಕು ಯಾರೂ ಇರಲಿಲ್ಲ ಎಂದು ಸೇಠ್ ಈಗಲೂ ಹೇಳುತ್ತಾರೆ. ಗಲ್ಲೆಯಲ್ಲಿ ದುಡ್ಡೆಣಿಸಲು ಕೂರಲು ಶುರು ಮಾಡಿದ ಮೇಲೂ ದಾರ ಕಂಡರೆ ಆ ಕೈಗೆ ಕಟ್ಟುವುದೊಂದೇ ಗೊತ್ತು. ಅದು ನೀನು ಒಂದು ವರ್ಷ ಕೂತು ಹೆಣೆದ ಚಾಟಿ, ಆ ಬರುವ ಆದಿತ್ಯವಾರ ಪುಣೆಗೆ ಕೊಂಡು ಹೋಗಿ ನಿನ್ನ ಹಾಗೆ ಚಾಟಿ ಬೀಸುವ ಹುಚ್ಚು ಇರುವವರ ಎದುರು ಬೀಸಿ ತೋರಿಸಬೇಕಾದದ್ದು, ಇದೊಂದೂ ಅವರಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಕಲ್ಯಾಣದ ಹೋಟೆಲಿಗೆ ಹೋದವರು ನೀವೆಲ್ಲ ಉಂಡು ಮಲಗಿದ ಮೇಲೆ ಬರುವವರು. ಗೊತ್ತಿರಬೇಕಿತ್ತು. ಒಂದೇ ಮನೆಯಲ್ಲಿದ್ದು ಗೊತ್ತಿರಲಿಲ್ಲ ಎನ್ನುವುದೇ ನನಗೆ ಹೆಚ್ಚು ಬೇಸರದ ವಿಷಯ.

ಆ ಸಂಜೆ ನೀನು ಕೂಗಾಡಿದ್ದರೆ ಒಳ್ಳೆಯದಿತ್ತು. ಪಪ್ಪ ‘ಹಗ್ಗ ಅಲ್ವಾ ಮಾರಾಯ, ನಾಳೆ ಇನ್ನೊಂದು ತಂದು ಕೊಡ್ತೇನೆ’ ಎಂದರು. ನೀನು ಮೆಲ್ಲಗೆ ‘ರಸ್ಸೀ ನಹೀ ಥೀ ವೋ, ಪಪ್ಪಾ’, ಅದು ಹಗ್ಗ ಅಲ್ಲ ಎಂದೆ. ಹಿಡಿಕೆಯ ತುಂಡನ್ನು ಮೇಜಿನ ಮೇಲಿಟ್ಟು ಬ್ಯಾಗಿಗೆ ಬಟ್ಟೆ ತುಂಬಿದೆ. ಆಫೀಸಿಗೆ ಹತ್ತಿರ ಆಗುತ್ತದೆ ಎಂದು ನನಗೆ ಕಾರಣ ಹೇಳಿದೆ. ಚೌತಿಗೆ ಬರಲಿಲ್ಲ, ದೀಪಾವಳಿಗೂ ಬರಲಿಲ್ಲ. ಎಣ್ಣೆ ಸ್ನಾನಕ್ಕೆ ನಿನ್ನ ಪಾಲಿನ ಎಣ್ಣೆ ಕಾಸಿಟ್ಟಿದ್ದೆ. ಅನುಷ್ಕಾ ಅದನ್ನು ನೋಡಿ ಒಳಗೆ ಹೋದಳು.

ನೀನು ಹೋದ ಮರುದಿನವೇ ಪಪ್ಪ ಶಿರ್ವಕ್ಕೆ ಫೋನ್ ಮಾಡಿ, ಪೆಟ್ಟಿಗೆ ಬಂದರೆ ಹಗ್ಗ ಕತ್ತರಿಸಬೇಡ, ಬಿಚ್ಚಿ ವಾಪಸ್ ಕಳಿಸು ಎಂದರು. ಅಷ್ಟರಲ್ಲಿ ತಡವಾಗಿತ್ತು. ನಿನ್ನ ಪಪ್ಪ ಹಾಕಿದ ಗಂಟು ಬಿಚ್ಚಲು ಆ ಹುಟ್ಟಿಸಿದ ದೇವರಿಗೂ ಆಗಲಿಕ್ಕಿಲ್ಲ. ಅತ್ತೆ ಕತ್ತಿ ತಂದು ಗಂಟು ಇದ್ದಲ್ಲೆಲ್ಲ ಕಡಿದಿದ್ದಾರೆ. ಒಳ್ಳೆಯ ವಸ್ತು ಬಿಸಾಡಲು ಅವರಿಗೂ ಮನಸ್ಸು ಬರುವುದಿಲ್ಲವಲ್ಲ, ತುಂಡುಗಳನ್ನೆಲ್ಲ ಎತ್ತಿಟ್ಟು ಮಳೆ ಕಡಿಮೆಯಾದ ಮೇಲೆ ಬಸಳೆ ಚಪ್ಪರ ಕಟ್ಟಲು ಬಳಸಿದರು. ಪಪ್ಪ ಮತ್ತೊಮ್ಮೆ ಕೇಳಿದಾಗ ‘ಬಲ್ಲ್ ಭಾರೀ ಗಟ್ಟಿ ಉಂಡು ಭುಜಂಗಾ’ ಎಂದು ಹಗ್ಗವನ್ನು ಹೊಗಳಿದ್ದೇ ಹೊಗಳಿದ್ದು. ಈಗ ಬಿಚ್ಚಿದರೆ ಹಬ್ಬಿದ ಬಸಳೆ ಪೂರ್ತಿ ನೆಲಕ್ಕೆ ಬೀಳುತ್ತದಂತೆ. ಫೋಟೋ ಕಳಿಸಿದ್ದಾರೆ. ಎಲೆಗಳ ನಡುವೆ ಅಲ್ಲಲ್ಲಿ ಕಪ್ಪು ಕೆಂಪು ಕಾಣುತ್ತದೆ. ಪಪ್ಪ ಆ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಲೇ ಇದ್ದರು.

ಅಲ್ಲಿಂದ ಶುರುವಾಯಿತು ನೋಡು ಅವರ ಓಡಾಟ. ಪೆಟ್ಟಿಗೆ ಕಟ್ಟಿದ ಮೇಲೆ ಗಂಟಿನ ಬಾಲ ಉಳಿಯಿತೆಂದು ಬೆರಳುದ್ದ ಕತ್ತರಿಸಿದ್ದರು, ಅದು ಕಪಾಟಿನ ಕೆಳಗೆ ಸಿಕ್ಕಿತು. ಅದನ್ನೇ ಅಂಗಿ ಜೇಬಿನಲ್ಲಿಟ್ಟುಕೊಂಡು, ನಾನು ಸೀರೆ ಹಿಡಿದುಕೊಂಡು ಬ್ಲೌಸ್ ಪೀಸಿಗೆ ಮ್ಯಾಚಿಂಗ್ ಹುಡುಕುವ ಹಾಗೆ ಅಂಗಡಿ ಅಂಗಡಿ ಹತ್ತಿ ಇಳಿದರು. ಮೊದಲು ಕಲ್ಯಾಣದ ಹಳೇ ಬಜಾರಿನ ಹಗ್ಗದಂಗಡಿ. ಚಾಟಿಗೆ ಬೇಕು ಎಂದದ್ದಕ್ಕೆ ಅಂಗಡಿಯ ಮುದುಕ ‘ಬೈಲಾಸಾಠೀ ಕಾ?’ ಎಂದು ಎತ್ತಿನ ಗೆಜ್ಜೆ, ಕೊರಳ ಹಗ್ಗ, ಸಿದ್ಧ ಮಾಡಿಟ್ಟ ಚರ್ಮದ ಚಾಟಿ, ಎಲ್ಲ ತಂದು ಮುಂದೆ ಹಾಕಿದನಂತೆ. ಎತ್ತು ಇಲ್ಲ, ಮಗನಿಗೆ ಎಂದರಂತೆ ಇವರು. ಆ ಮುದುಕ ಇವರನ್ನು ಏನೆಂದು ತಿಳಿದುಕೊಂಡನೋ, ಚಾಟಿಯನ್ನು ಎತ್ತಿ ಒಳಗಿಟ್ಟನಂತೆ. ಪ್ರತಿ ಸಲ ಬರಿಗೈಯಲ್ಲಿ ಬರಲು ನಾಚಿಕೆ, ಏನಾದರೊಂದು ಕೊಂಡೇ ಬರುವುದು. ನಮ್ಮ ಬಾಲ್ಕನಿಯಲ್ಲಿ ಈಗ ಒಣಗಿಸುವ ಬಟ್ಟೆಗಿಂತ ಹಗ್ಗವೇ ಹೆಚ್ಚು ಇದೆ. ಸರಕಾರ ನಿಷೇಧ ಮಾಡಿದ ಗಾಳಿಪಟದ ನೈಲಾನ್ ದಾರವನ್ನೂ ತಂದಿದ್ದರು, ಚಾಟಿಯ ತುದಿಗೆ ಆದೀತು ಎಂದು. ಪೊಲೀಸರು ಹಿಡಿದರೆ ಮುದಿ ವಯಸ್ಸಿನಲ್ಲಿ ಲಾಕಪ್ಪಿನಲ್ಲಿ ಕೂರುತ್ತೀರಾ ಎಂದು ಬೈದು ಅದನ್ನು ಚಿಂದಿ ಮಾಡಿ ಹಾಕಿದೆ.

ಸಾಮಾನು ಏನೇನು ಬೇಕು ಎಂದು ಕೊನೆಗೆ ಅನುಷ್ಕಾಳೇ ಮೊಬೈಲಿನಲ್ಲಿ ತೋರಿಸಿದಳು. ಹಗ್ಗವಲ್ಲ, ಪ್ಯಾರಾಕಾರ್ಡ್ ಎನ್ನಬೇಕಂತೆ, ಒಳಗೆ ಸಣ್ಣ ಎಳೆಗಳಿರುವ ಗಟ್ಟಿ ನೈಲಾನ್ ದಾರ. ಚಾಟಿಯ ಒಳಗೆ ಭಾರಕ್ಕೆ ಉಕ್ಕಿನ ಸಣ್ಣ ಗುಂಡು ಬೇಕು. ಅದು ಡೊಂಬಿವಲಿಯ ಸೈಕಲ್ ರಿಪೇರಿಯವನ ಹತ್ತಿರ ಸಿಕ್ಕಿತು. ಹಿಡಿಕೆಗೆ ಹೋಟೆಲಿನ ಹಳೇ ಲಟ್ಟಣಿಗೆ ಆದೀತು ಎಂದು ಕೊಂಡುಬಂದು ಒಂದು ಆದಿತ್ಯವಾರ ಪೂರ್ತಿ ಉಜ್ಜಿ ಉಜ್ಜಿ ಸಣ್ಣದು ಮಾಡಿದರು. ಪ್ಯಾರಾಕಾರ್ಡ್ ಸಿಕ್ಕಿದ್ದು ಠಾಣೆಯಲ್ಲಿ, ಗುಡ್ಡ ಹತ್ತುವವರ ಸಾಮಾನಿನ ಅಂಗಡಿಯಲ್ಲಿ. ಅಲ್ಲಿದ್ದ ಹುಡುಗಿ ಜೇಬಿನ ತುಂಡನ್ನು ತಿರುಗಿಸಿ ನೋಡಿ, ಇದರ ಒಳಗಿನ ಎಳೆಗಳನ್ನು ಯಾರೋ ಕೈಯಿಂದ ಎಳೆದು ತೆಗೆದಿದ್ದಾರೆ, ಒಂದೊಂದು ದಾರವೂ ಹಾಗೆಯೇ ಇದೆ, ಅದಕ್ಕೇ ಇಷ್ಟು ನಯವಾಗಿ ಕೂತಿದೆ ಎಂದಳಂತೆ. ‘ಬನಾಯಾ ಕಿಸ್ನೇ ಅಂಕಲ್?’, ಮಾಡಿದ್ದು ಯಾರು ಎಂದು ಕೇಳಿದ್ದಕ್ಕೆ, ನನ್ನ ಮಗ ಎಂದು ಇವರಿಗೆ ಹೇಳುವಾಗ ಖುಷಿಯೇ ಆಯಿತಂತೆ. ಆಮೇಲೆ ಅವಳು ‘ಔರ್ ಕಾಟಾ ಕಿಸ್ನೇ?’, ಮತ್ತೆ ಕತ್ತರಿಸಿದ್ದು ಯಾರು ಎಂದಳಂತೆ. ಇವರು ದುಡ್ಡು ಕೊಟ್ಟು ಸಾಮಾನು ತೆಗೆದುಕೊಂಡು ಬಂದರು. ಮನೆಯಲ್ಲಿ ಚಹಾ ಇಟ್ಟರೆ ಕುಡಿಯಲಿಲ್ಲ. ‘ನಾನು ಕೇಳ್ಬೇಕಿತ್ತು ವಿನೋದಾ, ಎಂತ ಅಂತ ಒಂದು ಮಾತು ಕೇಳ್ಬೇಕಿತ್ತು’ ಎಂದರು. ಸಂಸಾರ ಶುರುವಾದಾಗಿನಿಂದ ಆ ಮನುಷ್ಯನ ಬಾಯಲ್ಲಿ ಅಂಥ ಮಾತು ನಾನು ಕೇಳಿದವಳಲ್ಲ.

ಸಾಮಾನು ಸಿಕ್ಕಿದ ಮೇಲೆ ತಾನೇ ಹೆಣೆದು ನಿನಗೆ ಕೊಡಬೇಕೆಂದು ಹೊರಟರು. ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ಕನ್ನಡಕ ಮೂಗಿನ ತುದಿಗೆ ಇಳಿಸಿ, ದಾರಗಳನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂರುವುದು. ಆ ವಿಡಿಯೋದವನು ಬೆರಳು ಆಡಿಸುವ ವೇಗಕ್ಕೆ ಇವರಿಗೆ ತಲೆ ತಿರುಗಬೇಕು. ಅನುಷ್ಕಾಳ ಜಡೆ ಹಾಕಿದ ಧೈರ್ಯದ ಮೇಲೆ ನಾನೂ ಕೈ ಹಾಕಿದೆ. ನನ್ನದು ಜಡೆಯ ಹಾಗೆ ಚಪ್ಪಟೆ ಆಯಿತು, ಅವರದು ಎಣ್ಣೆಗೆ ಬಿಟ್ಟ ಚಕ್ಕುಲಿಯ ಹಾಗೆ ಅಲ್ಲಲ್ಲಿ ಬಿರಿಯಿತು. ಬಿಚ್ಚುವುದು, ಮತ್ತೆ ಹಾಕುವುದು. ಕೊನೆಗೆ ಎಲ್ಲ ಬಿಚ್ಚಿ ದಾರಗಳನ್ನು ನೀಟಾಗಿ ಸುತ್ತಿ ಚೀಲಕ್ಕೆ ಹಾಕಿದರು. ಅವನು ಮಾಡಿದ ಹಾಗೆ ನನ್ನಿಂದ ಆಗುವುದಿಲ್ಲ, ಹಾಳು ಮಾಡಿದ್ದನ್ನೇ ಮತ್ತೆ ಹಾಳು ಮಾಡಿ ಕೊಟ್ಟ ಹಾಗೆ ಆಗುತ್ತದೆ ಎಂದರು. ನೀನು ಬೆಳಿಗ್ಗೆ ರೈಲ್ವೆ ಮೈದಾನದಲ್ಲಿ ಬೀಸುವಾಗ ಟಪ್ಪೆಂದು ಇಲ್ಲಿಯವರೆಗೆ ಸದ್ದು ಕೇಳುತ್ತಿತ್ತಲ್ಲ, ಪಕ್ಕದ ಮನೆಯವರು ಪಟಾಕಿ ಎಂದು ಬೈಯುತ್ತಿದ್ದರಲ್ಲ. ನಾನು ದೋಸೆ ಹೊಯ್ಯುತ್ತಾ ಆ ಸದ್ದು ಕೇಳಿ, ಇವನು ಈಗ ಮನೆಗೆ ಹೊರಟ ಎಂದುಕೊಳ್ಳುತ್ತಿದ್ದೆ. ಮೈದಾನ ಇಲ್ಲೇ ಇದೆ, ಒಂದು ದಿನ ಬಂದು ನೋಡಬಹುದಿತ್ತು. ಈಗ ಬೆಳಿಗ್ಗೆ ಲೋಕಲ್ಲಿನ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ.

ಇನ್ನೊಂದು ಮಾತು, ನಾನು ಹೇಳಿದೆ ಎಂದು ಹೇಳಬೇಡ. ದೀಪಾವಳಿ ಮುಗಿದ ಮೇಲೆ ಪಪ್ಪ ತುದಿಗೆ ಬೇಕಾದ ದಾರ ಹುಡುಕಲು ವಾಶಿಗೆ ಹೋಗುತ್ತೇನೆಂದು ಹೊರಟವರು, ಅಲ್ಲಿಗೆ ಹೋಗದೆ ಠಾಣೆಯಿಂದ ಪನ್ವೇಲ್ ಗಾಡಿ ಹತ್ತಿ ಖಾರ್‌ಘರ್‌ನಲ್ಲಿ ಇಳಿದಿದ್ದಾರೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಹಾಗೆಯೇ ವಾಪಸ್ ಬಂದಿದ್ದಾರೆ. ಯಾಕೆ ಹೋಗಲಿಲ್ಲ ಎಂದು ಕೇಳಿದರೆ, ಏನು ಹೇಳಬೇಕು ಎಂದು ಗೊತ್ತಾಗಲಿಲ್ಲ ಎಂದರು. ಗಿರಾಕಿಗಳ ಹತ್ತಿರ ದಿನವಿಡೀ ಬಾಯಿ ಮುಚ್ಚದೆ ಮಾತಾಡುವವರು.

ಹೋದ ಚಾಟಿ ಬರುವುದಿಲ್ಲ ಮಗಾ. ಪುಣೆಯ ಆ ದಿನವೂ ಬರುವುದಿಲ್ಲ. ಅದು ಸಣ್ಣ ವಿಷಯ, ಮರೆತುಬಿಡು ಎಂದು ನಾನು ಹೇಳಿದರೆ ನೀನು ಇನ್ನೂ ದೂರ ಹೋಗುತ್ತೀಯ, ಹಾಗಾಗಿ ಹೇಳುವುದಿಲ್ಲ. ಸಿಟ್ಟು ಇಳಿಯುವವರೆಗೆ ಇರಲಿ. ಆದರೆ ಇಳಿದ ಮೇಲೂ ಬರಲು ಸಂಕೋಚಪಟ್ಟು ಅಲ್ಲೇ ಕೂರಬೇಡ. ಪಪ್ಪನ ಗುಣ ನಿನಗೂ ಬಂದಿದೆ, ಅದೇ ನನಗೆ ಭಯ. ಈ ಪತ್ರವನ್ನು ನಾಳೆ ಕೊರಿಯರಿಗೆ ಹಾಕುತ್ತೇನೆ, ಸಾಮಾನಿನ ಚೀಲವನ್ನು ಲತೇಶ್ ಬಂದಾಗ ಕೊಡುತ್ತೇನೆ. ನೀನು ಹೆಣೆದರೆ ಹೆಣೆ, ಇಲ್ಲದಿದ್ದರೆ ಹಾಗೆಯೇ ಇಟ್ಟುಕೋ.

ಹೊತ್ತು ಹೊತ್ತಿಗೆ ಉಣ್ಣು. ನನ್ನ ಕೈ ನಿನ್ನ ತಲೆಯ ಮೇಲೆಯೇ ಇದೆ. ನಿನ್ನ ಕೈಗೆ ಕಲಿಸಿದ ದೇವರು ಅದನ್ನು ಚೆನ್ನಾಗಿಟ್ಟಿರಲಿ. ಲತೇಶನನ್ನೂ ಕೇಳಿದೆ ಎಂದು ಹೇಳು.

ನಿನ್ನ ಅಮ್ಮ,
ವಿನೋದಾ

ತಾ.ಕ.: ಸಮಿತ್, ಕವರಿಗೆ ಗೋಂದು ಹಚ್ಚುವಷ್ಟರಲ್ಲಿ ಪಪ್ಪ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಕೊರಿಯರ್ ಬೇಡ, ನಾನೇ ಕೊಂಡು ಹೋಗುತ್ತೇನೆ ಎನ್ನುತ್ತಾರೆ. ಚೀಲವೂ ಕೈಯಲ್ಲಿದೆ. ಮೇಲೆ ಬರುವುದಿಲ್ಲವಂತೆ, ವಾಚ್‌ಮನ್ ಹತ್ತಿರ ಪತ್ರ ಕಳಿಸಿ ಕೆಳಗೆ ಗೇಟಿನಲ್ಲಿ ನಿಲ್ಲುತ್ತಾರಂತೆ. ‘ಓದಿ ಆದ ಮೇಲೆ ಕರೆದರೆ ಹೋಗ್ತೇನೆ, ಕರೆಯದಿದ್ದರೆ ಚೀಲ ಇಟ್ಟು ಬರ್ತೇನೆ’ ಎಂದರು. ನಾನು ಇಷ್ಟು ಉದ್ದ ಬರೆಯಬಾರದಿತ್ತು. ನಿನ್ನ ಓದು ನಿಧಾನ ಎಂದು ನನಗೆ ಗೊತ್ತು, ಅವರಿಗೆ ಗೊತ್ತಿಲ್ಲ. ತಡವಾದಷ್ಟೂ ನೀನು ಬೇಡ ಎಂದೆ ಅಂತಲೇ ತಿಳಿಯುತ್ತಾರೆ. ಬೆಳಿಗ್ಗೆಯಿಂದ ಹೊಟ್ಟೆಗೂ ಏನೂ ಹಾಕಿಲ್ಲ. ಇಲ್ಲಿಯವರೆಗೆ ಓದಿದ್ದೀಯಾದರೆ ಪತ್ರ ಅಲ್ಲೇ ಬಿಡು, ಮೊದಲು ಕೆಳಗೆ ಇಳಿ.