ಎರಡು ಪರ್ಸೆಂಟ್ ಅಲ್ಲ, ದುಪ್ಪಟ್ಟು

ದೇರೆಬೈಲ್, ಮಂಗಳೂರು
12 ಮಾರ್ಚ್ 1961

ಸಿಸ್ಟರ್ ಗ್ಲ್ಯಾಡಿಸ್ ಅವರಿಗೆ, ಮೋಹನದಾಸನ ನಮಸ್ಕಾರಗಳು.

ನೀವು ಬೊಂಬಾಯಿಯ ಆಸ್ಪತ್ರೆಗೆ ಹೋಗಿ ಮೂರು ತಿಂಗಳಾಯಿತು. ಎದುರು ನಿಂತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

ಕಳೆದ ಆಗಸ್ಟಿನಲ್ಲಿ ನೀವು ನಿಮ್ಮ ಹೆರಿಗೆ ವಾರ್ಡಿನ ವರದಿಯನ್ನು ತಿದ್ದಿಕೊಡಿ ಎಂದು ತಂದಿರಿ. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವನು ಎಂಬ ನಂಬಿಕೆಯಿಂದ. ಹುಟ್ಟಿದ ನೂರು ಮಕ್ಕಳಲ್ಲಿ ಮೊದಲು ಇಬ್ಬರು ತೀರಿಕೊಳ್ಳುತ್ತಿದ್ದರು, ಈ ಮಳೆಗಾಲದಲ್ಲಿ ನಾಲ್ವರು ಎಂದು ಬರೆದಿದ್ದಿರಿ. ನನಗದು ಒರಟಾಗಿ ಕಂಡಿತು. ಎರಡೂ ಅಂಕಿಗಳನ್ನು ಹೊಡೆದುಹಾಕಿ ‘ಸ್ಲೈಟ್ ಇನ್‌ಕ್ರೀಸ್ ಆಫ್ ಟೂ ಪರ್ಸೆಂಟ್’ ಎಂದು ಬರೆದೆ. ನಿಮಗೆ ತೋರಿಸದೆ ಟೈಪಿಗೂ ಕೊಟ್ಟೆ. ಇಷ್ಟು ಸಣ್ಣ ಏರಿಕೆಗೆ ತನಿಖೆ ಯಾಕೆ ಎಂದು, ಇಲ್ಲಿನ ಆಸ್ಪತ್ರೆಯನ್ನೂ ನಮ್ಮ ಕಾಲೇಜನ್ನೂ ನಡೆಸುವ ಆಡಳಿತ ಸಮಿತಿ ಅದನ್ನು ಬದಿಗಿಟ್ಟಿತು.

ಸೆಪ್ಟೆಂಬರಿನಲ್ಲಿ ನೀವು ಆ ಪ್ರತಿಯನ್ನು ಹಿಡಿದುಕೊಂಡು ಕಾಲೇಜಿನ ಜಗಲಿಗೇ ಬಂದಿರಿ.

“ಎರಡು ಇದ್ದದ್ದು ನಾಲ್ಕಾದ್ರೆ ಸ್ಲೈಟಾ ಸರ್? ನೂರು ಪರ್ಸೆಂಟ್ ಹೆಚ್ಚಾದ ಹಾಗಲ್ವಾ? ಎಂತ ಬರೆದದ್ದು ಮಾರಾಯ್ರೆ ನೀವು!”

ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಮತ್ತೊಮ್ಮೆ ಹಾಕಿದೆ. ನಿಮ್ಮ ಲೆಕ್ಕವೇ ಸರಿಯಾಗಿತ್ತು.

“ಆಮೇಲೆ ಇನ್ನೂ ಆರು ಮಕ್ಕಳು ಹೋದವು” ಎಂದಿರಿ.

ನಿಮ್ಮ ಹಿಂದೆಯೇ ವಾರ್ಡಿಗೆ ಬಂದೆ. ಬೆಂಗ್ರೆಯ ವಾರಿಜಾಕ್ಷಿ ಗೋಡೆಗೆ ಮುಖ ಮಾಡಿ ಮಲಗಿದ್ದರು. ಅವರ ಮಗು ಹಿಂದಿನ ದಿನ ತೀರಿಕೊಂಡಿತ್ತು. ವರದಿ ಬರೆದವರು ಎಂದು ನೀವು ನನ್ನನ್ನು ಪರಿಚಯಿಸಿದಾಗ ತಿರುಗಿ ಕೇಳಿದರು: “ನಿಮ್ಮ ಕಾಗದದಲ್ಲಿ ನನ್ನ ಮಗು ಉಂಟಾ ಸರ್?”



ಅಲ್ಲೇ ಬೆಂಚಿನ ಮೇಲೆ ಕುಳಿತು, ನೀವು ಹೇಳಿದಂತೆಯೇ ಬರೆದೆ: ಮೊದಲು ನೂರಕ್ಕೆ ಎರಡು, ಈಗ ನೂರಕ್ಕೆ ನಾಲ್ಕು, ದುಪ್ಪಟ್ಟು. ಕಳುಹಿಸಿದ ಮೂರೇ ದಿನಗಳಲ್ಲಿ ಸಮಿತಿಯವರು ಓಡಿ ಬಂದರು. ವಾರ್ಡಿಗೆ ನೀರು ಸೇದುತ್ತಿದ್ದ ಬಾವಿಯ ಕಟ್ಟೆ ಬಿರುಕು ಬಿಟ್ಟು ಚರಂಡಿಯ ನೀರು ಸೇರುತ್ತಿತ್ತು. ಬಾವಿ ಮುಚ್ಚಿಸಿದರು. ಸಾವುಗಳು ಇಳಿದವು. ಎಲ್ಲರೂ ನನ್ನ ಇಂಗ್ಲಿಷನ್ನು ಹೊಗಳಿದರು, ನಾನು ಸುಮ್ಮನೆ ಕೇಳಿಸಿಕೊಂಡೆ. ನೀವು ಅಲ್ಲೇ ನಿಂತಿದ್ದಿರಿ.

ನಿನ್ನೆ ಸಮಿತಿಗೆ ನಡೆದದ್ದನ್ನೆಲ್ಲ ಬರೆದು ಕಳುಹಿಸಿದೆ. ಮೊದಲ ವರದಿಯನ್ನು ಕೆಡಿಸಿದವನು ನಾನು, ಸತ್ಯ ಬರೆದವರು ನೀವು ಎಂದು. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ಕ್ಷಮಿಸಿ ಎಂದು ಕೇಳುವ ಧೈರ್ಯ ಇವತ್ತಷ್ಟೇ ಬಂತು.

ನಿಮ್ಮ ಕೈಗೆ ಬರುವ ಮಕ್ಕಳೆಲ್ಲ ಬದುಕಿ ಬಾಳಲಿ.

ನಿಮ್ಮ ಋಣಿ,
ಮೋಹನದಾಸ